ಹರಿಗೋಲಲ್ಲಿ ಕೂತ ಹೊಸ ಜೋಡಿ

ಮದುವೆಯಾದ ಮೂರನೇ ದಿನ ನಮ್ಮವ್ವ ಹೊಳೆ ದಾಟಿದಳು. ತವರು ಕೊಳ್ಳೇಗಾಲದ ಕಡೆ ದಡ, ಗಂಡನ ಮನೆ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಕಡೆ ದಡ, ನಡುವೆ ಕಾವೇರಿ. ಸತ್ತೇಗಾಲದ ಸೇತುವೆ ಸುತ್ತಿ ಬಂದರೆ ಎತ್ತಿನ ಗಾಡಿಗೆ ಅರ್ಧ ದಿನದ ದಾರಿ. ಹರಿಗೋಲಲ್ಲಾದರೆ ಒಂದು ಸಲ ಎಲೆಯಡಿಕೆ ಹಾಕಿ ಉಗುಳುವಷ್ಟು ಹೊತ್ತು. ಆ ಇಷ್ಟಗಲದ ನೀರನ್ನು ದಾಟಿದ್ದನ್ನೇ ಅವ್ವ ಇವತ್ತಿಗೂ "ನಾನೂ ನಿಮ್ಮಪ್ಪನೂ ಮಾಡಿದ ದೂರದ ಪಯಣ" ಅನ್ನುತ್ತಾಳೆ. ಆಮೇಲೆ ಇಬ್ಬರೂ ಧರ್ಮಸ್ಥಳಕ್ಕೆ ಹೋಗಿದ್ದಾರೆ, ತಿರುಪತಿಗೆ ಹೋಗಿದ್ದಾರೆ. ಅವು ಯಾವುವೂ ಅವಳ ಲೆಕ್ಕದಲ್ಲಿ ದೂರವಲ್ಲ.

ಮೊನ್ನೆ ಅವಳಿಗೆ ಪೇಪರಿನಿಂದ ಎತ್ತಿಟ್ಟಿದ್ದ ಒಂದು ಸುದ್ದಿ ಓದಿ ಹೇಳಿದೆ. ನಮ್ಮ ನೌಕಾಪಡೆಯ ದಿಲ್ನಾ ಮತ್ತು ರೂಪಾ ಎಂಬ ಇಬ್ಬರು ಅಧಿಕಾರಿಗಳು 'ತಾರಿಣಿ' ಎಂಬ ಹಾಯಿದೋಣಿಯಲ್ಲಿ ಭೂಮಿಯನ್ನೇ ಸುತ್ತಿ ಬಂದ ಕಥೆ. 2024ರ ಅಕ್ಟೋಬರ್ 2ರಂದು ಗೋವಾ ಬಿಟ್ಟವರು 2025ರ ಮೇ ಕೊನೆಗೆ ಅಲ್ಲಿಗೇ ಬಂದು ಮುಟ್ಟಿದರು. ಸುಮಾರು ಎಂಟು ತಿಂಗಳು, 25,000 ನಾಟಿಕಲ್ ಮೈಲಿಗೂ ಹೆಚ್ಚು. ನಡುವೆ ದಡ ಕಂಡದ್ದು ಫ್ರಿಮ್ಯಾಂಟಲ್, ಲಿಟಲ್‌ಟನ್, ಪೋರ್ಟ್ ಸ್ಟ್ಯಾನ್ಲಿ, ಕೇಪ್‌ಟೌನ್, ಈ ನಾಲ್ಕು ಕಡೆ. ದೋಣಿಯ ಉದ್ದ 56 ಅಡಿ, ಕಟ್ಟಿದ್ದೂ ಗೋವಾದಲ್ಲೇ. ಇದನ್ನೆಲ್ಲ ಕೇಳಿ ಅವ್ವ ಬೆರಗಾಗುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ ಮಾತು: "ಇರೋರು ಇಬ್ರೇ ಅಂತೀಯ. ರಾತ್ರಿ ಒಟ್ಗೆ ಮಲಗಾಕಾಯ್ತದಾ? ದೋಣಿ ನೋಡ್ಕಳೋರ್ಯಾರು?"

ಹಾಯಿದೋಣಿಯವರು ಮೊದಲು ಬಿಡಿಸಬೇಕಾದ ಲೆಕ್ಕವೇ ಅದು. ಗಂಡ ಹೆಂಡಿರಿಬ್ಬರೇ ದೂರ ಹೊರಟರೆ ರಾತ್ರಿಯನ್ನು ಪಾಲು ಮಾಡಿಕೊಳ್ಳಬೇಕು. ಮೂರು ಗಂಟೆ ಇವನು ಎದ್ದಿದ್ದರೆ ಮುಂದಿನ ಮೂರು ಗಂಟೆ ಅವಳು. ಗಾಳಿ ತಿರುಗಿತೇ, ದೂರದಲ್ಲಿ ಹಡಗಿನ ದೀಪ ಕಂಡಿತೇ ಎಂದು ಒಬ್ಬರ ಕಣ್ಣು ಸದಾ ತೆರೆದಿರಬೇಕು. ಒಂದೇ ದೋಣಿಯಲ್ಲಿದ್ದೂ ವಾರಗಟ್ಟಲೆ ಒಬ್ಬರಿಗೊಬ್ಬರು ನೆಟ್ಟಗೆ ಸಿಗುವುದು ಸರದಿ ಬದಲಾಗುವ ಆ ಐದು ನಿಮಿಷದಲ್ಲಿ. ಅವ್ವನಿಗೆ ಇದು ಹೇಗೆ ಹೊಳೆಯಿತು ಎಂದು ನಾನು ಆಶ್ಚರ್ಯಪಡಬೇಕಾಗಿರಲಿಲ್ಲ. ಮದ್ದೂರು, ಮಳವಳ್ಳಿ ಕಡೆಯ ನಮ್ಮ ಜಮೀನುಗಳು ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದವು. ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟಾಗ ನಮ್ಮ ಸರದಿ ನಡುರಾತ್ರಿಗೆ ಬಂದರೂ ಹೋಗಲೇಬೇಕು, ಇಲ್ಲದಿದ್ದರೆ ಪಕ್ಕದ ಗದ್ದೆಗೆ ಹರಿದುಹೋಗುತ್ತದೆ. ಅಪ್ಪ ಗುದ್ದಲಿ ಹಿಡಿದು ತೂಬಿನ ಹತ್ತಿರ, ಅವ್ವ ಲಾಟೀನು ಹಿಡಿದು ಬದುವಿನ ಮೇಲೆ. ಒಬ್ಬರು ಕಬ್ಬಿನ ತರಗಿನ ಮೇಲೆ ಒರಗಿದರೆ ಇನ್ನೊಬ್ಬರು ಎದ್ದಿರುತ್ತಿದ್ದರು. ಈಗ ಪಂಪ್‌ಸೆಟ್ಟಿನವರಿಗೂ ತ್ರೀ ಫೇಸ್ ಕರೆಂಟು ರಾತ್ರಿ ಹೊತ್ತು ಬಂದರೆ ಅದೇ ಪಾಡು. ಮಂಡ್ಯದ ಸಂಸಾರಗಳಿಗೆ ಸರದಿ ಕಾಯುವುದನ್ನು ಯಾವ ನೌಕಾಪಡೆಯೂ ಕಲಿಸಬೇಕಾಗಿಲ್ಲ.

ಜೋಡಿ ಅಂದಾಗ ಲಿನ್ ಮತ್ತು ಲ್ಯಾರಿ ಪಾರ್ಡಿ ನೆನಪಾಗುತ್ತಾರೆ. 'ಸೆರಾಫಿನ್' ಎಂಬ 24 ಅಡಿಯ ದೋಣಿಯನ್ನು ತಮ್ಮ ಕೈಯಾರೆ ಕಟ್ಟಿ, 1968ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನೀರಿಗಿಳಿಸಿ, ಎಂಜಿನ್ ಇಲ್ಲದೆ ಬರೀ ಹಾಯಿ ನಂಬಿ ಜಗತ್ತು ಸುತ್ತಿದವರು. 24 ಅಡಿ ಅಂದರೆ ನಮ್ಮ ಹಟ್ಟಿ ಮನೆಯ ಪಡಸಾಲೆಯಷ್ಟು. ಅಷ್ಟರಲ್ಲೇ ಅಡುಗೆ, ನಿದ್ದೆ, ಮುನಿಸು, ರಾಜಿ. ಮುನಿಸಿಕೊಂಡು ಎದ್ದು ಹೋಗಲು ಅಲ್ಲಿ ತವರುಮನೆಯಿಲ್ಲ, ಅರಳಿಕಟ್ಟೆಯೂ ಇಲ್ಲ. ಇಂಥ ಜೋಡಿಗಳ ಬಗ್ಗೆ ನನಗೆ ಗೌರವ ಹುಟ್ಟುವುದು ಬಿರುಗಾಳಿ ಗೆದ್ದರೆಂದಲ್ಲ, ಆ ಪಡಸಾಲೆಯಲ್ಲಿ ವರ್ಷಗಟ್ಟಲೆ ಬಾಳಿದರಲ್ಲ ಎಂದು.

ನಮ್ಮ ಹರಿಗೋಲಿಗೆ ಹಾಯಿ ಕಟ್ಟಿದರೆ ಆಗುವುದಿಲ್ಲವೇ ಎಂದು ಚಿಕ್ಕಂದಿನಲ್ಲಿ ನನಗೊಂದು ಪ್ರಶ್ನೆಯಿತ್ತು. ಆಗುವುದಿಲ್ಲ. ಹಾಯಿದೋಣಿಯ ತಳದಲ್ಲಿ ಕೀಲ್ ಎಂಬ ಭಾಗ ನೀರೊಳಕ್ಕೆ ಇಳಿದಿರುತ್ತದೆ. ಗಾಳಿ ಪಕ್ಕಕ್ಕೆ ತಳ್ಳಿದಾಗ ಅದು ನೀರನ್ನು ಕಚ್ಚಿ ಹಿಡಿದು ದೋಣಿಯನ್ನು ಮುಂದಕ್ಕೆ ಹೊರಳಿಸುತ್ತದೆ. ಅದರ ಬಲದಿಂದಲೇ ಎದುರು ಗಾಳಿಗೂ ಓರೆಓರೆಯಾಗಿ, ಉಬ್ಬು ಹತ್ತುವ ಗಾಡಿಯ ಹಾಗೆ, ಅತ್ತ ಇತ್ತ ಎಳೆಯುತ್ತ ಸಾಗಬಹುದು. ಹರಿಗೋಲಿಗೆ ಮುಂದು ಯಾವುದು, ಹಿಂದು ಯಾವುದು? ಬಿದಿರಿನ ದಬ್ಬೆ ಹೆಣೆದ ದುಂಡನೆಯ ಬುಟ್ಟಿ ಅದು. ಹಿಂದೆ ಹೊರಮೈಗೆ ಎಮ್ಮೆ ಚರ್ಮ, ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು. ಹಾಯಿ ಕಟ್ಟಿದರೆ ಬುಗುರಿಯಾದೀತು. ತಳ ಚಪ್ಪಟೆಯಾದ್ದರಿಂದ ಮೊಣಕಾಲುದ್ದದ ನೀರಿನಲ್ಲೂ ಬಂಡೆಗಳ ಮಧ್ಯೆ ನುಸುಳುತ್ತದೆ. ನಮ್ಮ ಹೊಳೆಗೆ ಬೇಕಾದದ್ದು ಅದೇ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್ ಕೂಡ ಚರ್ಮ ಹೊದಿಸಿದ ಈ ದುಂಡು ಬುಟ್ಟಿದೋಣಿಗಳನ್ನು ಕಂಡು, ಅವು ತಿರುಗುತ್ತಲೇ ಸಾಗುವುದನ್ನು ಬರೆದಿಟ್ಟಿದ್ದಾನೆ. ಐನೂರು ವರ್ಷವಾದರೂ ಅವು ತಿರುಗುತ್ತಲೇ ಇವೆ.

ಹೊಳೆ ಅಂದಮೇಲೆ ಮುತ್ತತ್ತಿ ಬಿಟ್ಟು ಮಾತಾಡುವುದು ಹೇಗೆ? ಮಳವಳ್ಳಿ ತಾಲ್ಲೂಕಿನ ಆ ಕಾಡಂಚಿನ ಊರಿನಲ್ಲಿ ಸೀತಮ್ಮನ ಮುತ್ತು ಹೊಳೆಗೆ ಬಿತ್ತಂತೆ, ಆಂಜನೇಯ ಬಾಲದಿಂದ ನೀರು ಕಲಕಿ ಅದನ್ನು ಎತ್ತಿಕೊಟ್ಟನಂತೆ. ಮುತ್ತು ಎತ್ತಿದ ರಾಯ ಮುತ್ತತ್ತಿರಾಯನಾದ. ಡಾ. ರಾಜ್‌ಕುಮಾರರ ಹುಟ್ಟುಹೆಸರು ಮುತ್ತುರಾಜನೆಂದಿದ್ದದ್ದು ಈ ದೇವರಿಂದಲೇ ಎನ್ನುತ್ತಾರೆ. ನನಗೆ ಇಷ್ಟವಾಗುವುದು ಕಥೆಯ ಇನ್ನೊಂದು ಎಳೆ: ಗಂಡ ಹೆಂಡತಿ ದೂರ ಹೊರಟಿದ್ದಾರೆ, ದಾರಿಯಲ್ಲೊಂದು ಹೊಳೆ, ಆ ಹೊಳೆ ಏನನ್ನೋ ಕಿತ್ತುಕೊಳ್ಳುತ್ತದೆ. ಕಾವೇರಿ ಹಾಗೆ ಕಿತ್ತುಕೊಂಡದ್ದು ಮುತ್ತನ್ನೊಂದೇ ಅಲ್ಲ. ಮುತ್ತತ್ತಿಯ ಸುಳಿಗಳಲ್ಲಿ ಮುಳುಗಿದ ಹುಡುಗರ ಸುದ್ದಿ ಓದಿದಾಗಲೆಲ್ಲ ಕರುಳು ಹಿಂಡುತ್ತದೆ. ಹೊಸ ಜೋಡಿಗಳು ಇವತ್ತೂ ಹರಿಗೋಲು ಹತ್ತಲಿ, ನನಗೆ ಸಂತೋಷವೇ; ಲೈಫ್ ಜಾಕೆಟ್ ಹಾಕಿಕೊಂಡು ಹತ್ತಲಿ, ನಡುಹೊಳೆಯಲ್ಲಿ ಫೋಟೋಕ್ಕೆಂದು ಎದ್ದು ನಿಲ್ಲದಿರಲಿ.

ಎದ್ದು ನಿಲ್ಲಬಾರದೆಂದು ಅವ್ವನಿಗೂ ಮೊದಲು ಹೇಳಿದವನು ಅಂಬಿಗನೇ. "ಅಳ್ಳಾಡ್ಬ್ಯಾಡಿ ಕಣವ್ವ. ಅಯ್ಯ ಅತ್ಲಾಗೆ ಕೂತ್ಕಳ್ಲಿ, ನೀವು ಇತ್ಲಾಗೆ." ಭಾರ ಎರಡು ಕಡೆಗೂ ಸಮ ಬೀಳಬೇಕಲ್ಲ. ಮೂರು ದಿನದ ಗಂಡ ಎದುರಿಗೆ, ನಡುವೆ ಅವಳ ಟ್ರಂಕು, ಒಂದು ಮಡಿಲಕ್ಕಿಯ ಗಂಟು. ಅಪ್ಪನಿಗೆ ಈಜು ಗೊತ್ತು, ಅವ್ವನಿಗೆ ಗೊತ್ತಿಲ್ಲ. ಅಪ್ಪ ಟ್ರಂಕಿನ ಹಿಡಿಯನ್ನು ಒಂದು ಕಡೆ ಹಿಡಿದುಕೊಂಡ, ಅವ್ವ ಇನ್ನೊಂದು ಕಡೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುವ ಗಾದೆಯನ್ನು ನಮ್ಮನೆಯಲ್ಲಿ ಯಾರೂ ಆಡುವುದಿಲ್ಲ. ಆ ಅಂಬಿಗ ಬದುಕಿರುವಷ್ಟು ದಿನ ಸುಗ್ಗಿಯಲ್ಲಿ ನಮ್ಮ ಕಣಕ್ಕೆ ಬರುತ್ತಿದ್ದ, ಅವ್ವ ಮೊರದ ತುಂಬ ಭತ್ತ ಹಾಕುತ್ತಿದ್ದಳು.

ನಡುಹೊಳೆಯಲ್ಲಿ ಸೆಳೆತಕ್ಕೆ ಸಿಕ್ಕಿ ಹರಿಗೋಲು ತಿರುಗತೊಡಗಿತಂತೆ. ಅಂಬಿಗ ಹುಟ್ಟು ಹಾಕುತ್ತಿದ್ದಾನೆ, ಅದು ತನ್ನ ಪಾಡಿಗೆ ನಿಧಾನಕ್ಕೆ ಸುತ್ತುತ್ತಿದೆ. ಕೂತಲ್ಲೇ ಕೂತಿದ್ದ ಅವ್ವನಿಗೆ ಒಂದು ಗಳಿಗೆ ತವರಿನ ದಡ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ನಿಂತ ಅವಳಮ್ಮ. ಮರುಗಳಿಗೆ ಗಂಡನೂರಿನ ದಡ, ಆರತಿ ತಟ್ಟೆ ಹಿಡಿದು ನಿಂತ ಗುರುತಿಲ್ಲದ ಹೆಂಗಸರು. ಮತ್ತೆ ತವರು. ಮತ್ತೆ ಗಂಡನೂರು. ಒಂದೊಂದು ಸುತ್ತಿಗೂ ಒಂದು ದಡ ಚಿಕ್ಕದಾಗುತ್ತ, ಇನ್ನೊಂದರ ಮುಖಗಳು ಗುರುತು ಸಿಗುತ್ತ ಬಂದವು. ದಾಂಪತ್ಯದ ಹಾಡುಗಳ 'ಮೈಸೂರು ಮಲ್ಲಿಗೆ'ಯನ್ನು 1942ರಲ್ಲಿ ಕೊಟ್ಟ ಕೆ. ಎಸ್. ನರಸಿಂಹಸ್ವಾಮಿ ನಮ್ಮ ಜಿಲ್ಲೆಯ ಕಿಕ್ಕೇರಿಯವರು. ಅವ್ವ ಆ ಪುಸ್ತಕ ಓದಿದವಳಲ್ಲ, ಅವಳಿಗೆ ಅಕ್ಷರ ಬಾರದು. ಆದರೆ ಈ ಸುತ್ತುಗಳ ಮಾತು ಹೇಳುವಾಗ ಅವಳ ದನಿ ತಗ್ಗುತ್ತದೆ, ಎದುರಿಗೆ ಅಪ್ಪ ಕೂತಿದ್ದಾನೇನೋ ಎಂಬಂತೆ.

ಅಪ್ಪ ಹೋಗಿ ಆರು ವರ್ಷವಾಯಿತು. ಹೋದ ತಿಂಗಳು ಅವಳ ತಮ್ಮನ ಮೊಮ್ಮಗಳ ಮದುವೆಗೆಂದು ಮಳವಳ್ಳಿಯಿಂದ ಕೊಳ್ಳೇಗಾಲದ ಬಸ್ಸು ಹತ್ತಿಸಿಕೊಂಡು ಹೊರಟೆ. ಕಿಟಕಿ ಪಕ್ಕ ಕೂರಿಸಿದೆ. ಸತ್ತೇಗಾಲದ ಹತ್ತಿರ ಬಸ್ಸು ಹೊಳೆಯ ಮೇಲೆ ಬಂದಾಗ ಅವ್ವ ಕಂಬಿ ಹಿಡಿದು ನೀರು ನೋಡಿದಳು. ಆಮೇಲೆ ಕತ್ತು ಹೊರಳಿಸಿ ಹಿಂದಕ್ಕೆ ನೋಡಲು ಪ್ರಯತ್ನಪಟ್ಟಳು. ಅಷ್ಟರಲ್ಲಿ ಸೇತುವೆ ಮುಗಿದಿತ್ತು.

"ಬಸ್ಸು ತಿರುಗಾಕಿಲ್ಲ ಕಣ್ಲಾ," ಅಂದಳು. "ಒಂದೇ ದಡ ಕಾಣ್ತದೆ."