ಗದ್ದಲ ಇಳಿದ ಮೇಲೆ

ಮಗನ ಪಂಕ್ ಬ್ಯಾಂಡು ಮುರಿಯಿತೆಂದು ಕೇಳಿದಾಗ, ಸುಳ್ಳೇಕೆ ಹೇಳಬೇಕು, ನಮಗೆ ಒಳಗೊಳಗೇ ಸಮಾಧಾನವಾಯಿತು. ಮೂರು ವರ್ಷ ನಮ್ಮ ಮನೆಯ ಗೋಡೆಗಳು ಸಹಿಸಿದ್ದು ಸಾಮಾನ್ಯವಲ್ಲ! ಆದರೆ ಹುಡುಗ ಊಟ ಬಿಟ್ಟು ಕುಳಿತಾಗ ಆ ಸಮಾಧಾನಕ್ಕೆ ನಾವೇ ನಾಚಿದೆವು.

ಕೆಲವು ದಿನ ಕಳೆದ ಮೇಲೆ ಅವನೇ ನಮಗೆ ಫ್ರಾಂಕ್ ಟರ್ನರ್ ಎಂಬ ಇಂಗ್ಲಿಷ್ ಗಾಯಕನ ಕಥೆ ಹೇಳಿದ. 'ಮಿಲಿಯನ್ ಡೆಡ್' ಎಂಬ ತಂಡದಲ್ಲಿ ಗಂಟಲು ಹರಿಯುವಂತೆ ಕೂಗುತ್ತಿದ್ದವನು ಆತ. 2005ರಲ್ಲಿ ತಂಡ ಒಡೆಯಿತು. ಹಾಡು ಬಿಡಲಿಲ್ಲ. ವಿದ್ಯುತ್ತಿನ ಹಂಗಿಲ್ಲದ ಅಕೂಸ್ಟಿಕ್ ಗಿಟಾರೊಂದನ್ನು ಹೆಗಲಿಗೇರಿಸಿ, ಊರೂರು ತಿರುಗಿ, ಒಬ್ಬನೇ ಹಾಡತೊಡಗಿದ. ಅವನ ಸ್ವಂತದ ಮೊದಲ ಆಲ್ಬಮ್ 2007ರಲ್ಲಿ ಬಂತು. 2012ರ ಲಂಡನ್ ಒಲಿಂಪಿಕ್ಸ್ ಉದ್ಘಾಟನೆಗೆ ಮುನ್ನ ಕ್ರೀಡಾಂಗಣದಲ್ಲಿ ಹಿಮ್ಮೇಳದೊಡನೆ ಹಾಡಿದವನೂ ಅವನೇ.

"ತಂಡದಲ್ಲಿ ತಪ್ಪಿದರೆ ಡ್ರಮ್ಮು ಮುಚ್ಚಿಕೊಳ್ಳುತ್ತದೆ, ಅಪ್ಪಾ. ಒಬ್ಬನೇ ಹಾಡಿದರೆ ಮಾತು ಬರಿಮೈಯಲ್ಲಿ ನಿಲ್ಲಬೇಕು" ಎಂದ ಮಗ.

ಮೊನ್ನೆ ರಾತ್ರಿ ಅಡುಗೆಮನೆಯಲ್ಲಿ ಅವನು ತಾನು ಕಟ್ಟಿದ ಹಾಡೊಂದನ್ನು ಮೆಲ್ಲಗೆ ಹಾಡಿದ. ಕನ್ನಡದ್ದೇ ಹಾಡು. ನಮ್ಮ ವರ್ಗಾವಣೆಗಳಿಂದ ಐದು ಊರು ಸುತ್ತಿದ ಬಾಲ್ಯ, ಪ್ರತಿ ಶಾಲೆಯಲ್ಲೂ ಹೊಸಬನಾಗಿ ಕುಳಿತ ಕೊನೆಯ ಬೆಂಚು, ಭಾಷೆ ತಿಳಿಯದೆ ಒಬ್ಬನೇ ಉಂಡ ಬುತ್ತಿ, ಎಲ್ಲವೂ ಅದರಲ್ಲಿತ್ತು. ಅವನ ತಾಯಿ ಒಲೆಯ ಕಡೆ ಮುಖ ತಿರುಗಿಸಿಕೊಂಡಳು.

"ಇದನ್ನೆಲ್ಲ ಮೊದಲೇ ಏಕೆ ಹೇಳಲಿಲ್ಲವಪ್ಪಾ?" ಎಂದೆವು.

"ಬ್ಯಾಂಡಿನಲ್ಲಿ ಮೂರು ವರ್ಷ ಇದೇ ಹಾಡು ಹೇಳುತ್ತಿದ್ದೆ. ನೀವು ಬಾಗಿಲು ಹಾಕಿಕೊಳ್ಳುತ್ತಿದ್ದಿರಿ."

ಈಗ ಬಾಗಿಲು ತೆರೆದೇ ಇದೆ. ಅವನು ಮತ್ತೆ ಡ್ರಮ್ಮು ತಂದರೂ ತರಲಿ. ನೆರೆಯವರಿಗೆ ಉತ್ತರ ಹೇಳುವ ಕೆಲಸ ನಮ್ಮದು.