ಅಲುಗದ ಜೇಬು
ಆಫೀಸಲ್ಲಿ ನನ್ನ ಫೋನು ಯಾವತ್ತೂ ವೈಬ್ರೇಟ್‌ನಲ್ಲೇ. ರಿಂಗ್‌ಟೋನ್ ಭೀಮಗೀತೆ, ಮೊಳಗಿದರೆ ಕೆಲವರ ಮುಖ ಹೇಗಾಗುತ್ತೆ ನಿಮಗೆ ಗೊತ್ತು.

ಮೊನ್ನೆ ಹಳ್ಳಿಯ ಅಣ್ಣನೊಬ್ಬ ಠಾಣೆ ಮುಂದೆ ನಿಂತು ಏಳು ಸಲ ಕರೆ ಮಾಡಿದ್ದಾನೆ. ಜೇಬು ಅಲುಗಲೇ ಇಲ್ಲ. ಸಂಜೆ ನೋಡೋ ಹೊತ್ತಿಗೆ 'ವಿಚಾರಣೆ ಮಾಡ್ದೆ ಎಫ್‌ಐಆರ್ ಆಗಲ್ಲ' ಅಂತ ವಾಪಸ್ ಕಳಿಸಿದ್ದರು. ದೌರ್ಜನ್ಯ ತಡೆ ಕಾಯ್ದೆಯ 18ಎ ಕಲಂ ಪ್ರಕಾರ ಪ್ರಾಥಮಿಕ ವಿಚಾರಣೆ ಬೇಕಿಲ್ಲ ಅಂತ ಫೋನಲ್ಲೇ ಹೇಳಬಹುದಿತ್ತು.

ರಿಪೇರಿ ಹುಡುಗ ಸೆಟ್ಟಿಂಗ್ಸ್ ನೋಡಿದ, ಕೀಬೋರ್ಡ್ ವೈಬ್ರೇಶನ್ ಹಾಕಿ ಒತ್ತಿದ, ಟೆಸ್ಟ್ ಮೆನುವಿಗೂ ಹೋದ. ಊಹೂಂ. ಬಿಚ್ಚಿದರೆ ಅಂಗಿ ಗುಂಡಿಯಷ್ಟು ಮೋಟಾರು. ಒಳಗೆ ಒಂದೇ ಪಕ್ಕಕ್ಕೆ ಭಾರ, ಅದು ತಿರುಗಿದರೇ ನಡುಕವಂತೆ. (ಭಾರ ಸಮ ಇದ್ದರೆ ಅಲುಗೋದೇ ಇಲ್ಲವಂತೆ!) ಹೊಸದು ಹಾಕಿದ, ಅಂಗೈಯಲ್ಲಿ ಗುರ್ ಅಂತು.

ಆದರೂ ಇನ್ಮೇಲೆ ಸೌಂಡ್ ಆನ್. ಸೋಮವಾರ ರಜೆ ಹಾಕಿದ್ದೀನಿ, ಅಣ್ಣನ ಜೊತೆ ಎಸ್‌ಪಿ ಕಚೇರಿಗೆ. ಬರೋರು ಬನ್ನಿ. ಜೈ ಭೀಮ್.