ಮುಂಡಗೋಡದ ಗೊಂಪದಲ್ಲಿ ಪಾಶ್ಚಾತ್ಯ ಪಥಿಕ

ಭಾರತ ಹುಣ್ಣಿಮೆ ಸಮೀಪಿಸಿತೆಂದರೆ ಬೈಲಹೊಂಗಲ, ಸವದತ್ತಿ, ಕಿತ್ತೂರು ಸೀಮೆಯ ಚಕ್ಕಡಿಗಳು ಉಳವಿಯ ದಾರಿ ಹಿಡಿಯುತ್ತವೆ. ಕಲ್ಯಾಣದ ವಿಪ್ಲವದ ತರುವಾಯ ಚೆನ್ನಬಸವಣ್ಣನವರು ವಚನಗಳ ಕಟ್ಟುಗಳನ್ನು ಕಾಯ್ದುಕೊಂಡು ಈ ಸೀಮೆಯನ್ನು ಹಾಯ್ದು ಉಳವಿಯ ಅರಣ್ಯವನ್ನು ಸೇರಿದರೆಂಬುದು ಪರಂಪರೆಯ ಶ್ರದ್ಧೆ. ಅದೇ ಉತ್ತರ ಕನ್ನಡ ಜಿಲ್ಲೆಯ ಇನ್ನೊಂದು ಅಂಚಿನಲ್ಲಿ, ಮುಂಡಗೋಡದ ಬಳಿ, ಎಂಟು ಶತಮಾನಗಳ ಅನಂತರ ಮತ್ತೊಂದು ಧರ್ಮಸಮುದಾಯವು ತನ್ನ ಗ್ರಂಥಗಳೊಡನೆ ಬಂದು ನೆಲೆಸಿತು. 1959ರಲ್ಲಿ ದಲೈಲಾಮಾ ಅವರು ಭಾರತದ ಆಶ್ರಯಕ್ಕೆ ಬಂದರು. ಅವರ ಜನರಿಗೆ ಎಸ್. ನಿಜಲಿಂಗಪ್ಪನವರ ಕಾಲದ ಮೈಸೂರು ಸರಕಾರ ಭೂಮಿಯನ್ನಿತ್ತಿತು. ಮುಂಡಗೋಡದ ವಸತಿ ಆರಂಭವಾದದ್ದು 1966ರಲ್ಲಿ. ಬಂಗಾಳದ ಬಕ್ಸಾ ಶಿಬಿರದಲ್ಲಿ ಬಹುಕಷ್ಟದಿಂದ ದಿನ ಕಳೆದಿದ್ದ ಡ್ರೆಪುಂಗ್, ಗಾಂದೆನ್ ಮಠಗಳ ಭಿಕ್ಷುಗಳು 1969ರ ಸುಮಾರಿಗೆ ಇಲ್ಲಿಗೆ ಬಂದು, ಹೊಲ ಮಾಡಿ, ಮಠ ಕಟ್ಟಿದರು.

ಈ ಗೊಂಪಗಳಿಗೆ ಬರುವ ಪಾಶ್ಚಾತ್ಯ ಪಥಿಕ ಸಾಮಾನ್ಯವಾಗಿ ಮೌನವನ್ನು ಅರಸಿ ಬರುತ್ತಾನೆ. ಯಂತ್ರನಾಗರಿಕತೆಯ ಗದ್ದಲಕ್ಕೆ ಬೇಸತ್ತ ಅವನ ಮನಸ್ಸಿನಲ್ಲಿ ಬುದ್ಧನೆಂದರೆ ಅರೆಗಣ್ಣು ಮುಚ್ಚಿದ ಶಾಂತಮೂರ್ತಿ. ಕೇಂದ್ರ ಸರಕಾರದ ಅನುಮತಿಪತ್ರ ಪಡೆದು, ಹುಬ್ಬಳ್ಳಿಯಿಂದ ಮುಂದೆ ಪಯಣಿಸಿ, ಪಾದರಕ್ಷೆಗಳನ್ನು ಹೊರಗಿಟ್ಟು ಒಳಹೊಕ್ಕರೆ ಆ ಮೂರ್ತಿಯೇನೋ ಕಾಣುತ್ತದೆ, ದೀಪಗಳ ಸಾಲೂ ಕಾಣುತ್ತದೆ. ಆದರೆ ಹೊರಗಿನ ಅಂಗಳದಲ್ಲಿ ನೂರಾರು ಕಂಠಗಳ ಕೋಲಾಹಲ! ಜಗಳವೇನೋ ಎಂದು ಹೊಸಬ ಬೆಚ್ಚುವುದುಂಟು.

ಅದು ಪಾಠ. ಉತ್ತರ ಹೇಳುವವನು ನೆಲದ ಮೇಲೆ ಕುಳಿತಿರುತ್ತಾನೆ, ಪ್ರಶ್ನಿಸುವವನು ನಿಂತಿರುತ್ತಾನೆ. ಪ್ರಶ್ನೆಯ ಕೊನೆಗೆ ಎಡಗಾಲನ್ನು ನೆಲಕ್ಕಪ್ಪಳಿಸಿ, ಬಲಗೈಯನ್ನು ಎಡ ಅಂಗೈಗೆ ಬಡಿಯುತ್ತಾನೆ. ಮುಂದೆ ಚಾಚಿದ ಎಡಗೈ ದುರ್ಗತಿಯ ಬಾಗಿಲನ್ನು ಮುಚ್ಚುವುದೆಂದೂ ಹಿಂದಕ್ಕೆಳೆದ ಬಲಗೈ ಜೀವರನ್ನು ಮೇಲೆತ್ತುವುದೆಂದೂ ಅರ್ಥ ಹೇಳುತ್ತಾರೆ. ಕುಳಿತವನಿಗೆ ಭಾಷಣಕ್ಕೆ ಎಡೆಯಿಲ್ಲ: ಒಪ್ಪಿದೆ, ಏಕೆ, ಹೇತು ಸಿದ್ಧವಾಗಿಲ್ಲ, ವ್ಯಾಪ್ತಿಯಿಲ್ಲ, ಇಷ್ಟರಲ್ಲೇ ಅವನ ಉತ್ತರ. ಪೂರ್ವಾಪರ ವಿರೋಧ ಬಂತೋ, ‘ತ್ಸಾ’ ಎಂಬ ಕೂಗು ಏಳುತ್ತದೆ. ಧರ್ಮಕೀರ್ತಿಯ ಪ್ರಮಾಣ, ಚಂದ್ರಕೀರ್ತಿಯ ಮಾಧ್ಯಮಕ, ವಸುಬಂಧುವಿನ ಅಭಿಧರ್ಮ ಅಲ್ಲಿನ ಪಠ್ಯಗಳು. ಎಲ್ಲವೂ ಭಾರತದಿಂದ ಹೋಗಿ ಭಾರತಕ್ಕೇ ಮರಳಿದವು. ಗ್ರಂಥವನ್ನು ಮೊದಲು ಕಂಠಸ್ಥ ಮಾಡಿಕೊಳ್ಳದವನು ವಾದಕ್ಕೆ ನಿಲ್ಲಲಾರ. ಬಾಯಿಪಾಠವನ್ನು ಹೀಗಳೆಯುವ ಶಿಕ್ಷಣತಜ್ಞರು ಒಂದು ಸಂಜೆ ಈ ಅಂಗಳದಲ್ಲಿ ನಿಂತು ನೋಡುವುದು ಒಳ್ಳೆಯದು.

ಶರಣಸಾಹಿತ್ಯವನ್ನು ಬಲ್ಲವರಿಗೆ ಇದು ತೀರ ಅಪರಿಚಿತ ದೃಶ್ಯವಲ್ಲ. ಶೂನ್ಯಸಂಪಾದನೆಯ ಅಲ್ಲಮಪ್ರಭುಗಳು ಪ್ರಶ್ನಿಸದೆ ಯಾರನ್ನೂ ಒಪ್ಪಿದವರಲ್ಲ. ಅಕ್ಕಮಹಾದೇವಿಯೂ ಆ ಪರೀಕ್ಷೆಗೆ ಹೊರತಾಗಲಿಲ್ಲ. ಶೂನ್ಯವೆಂಬ ಶಬ್ದವೂ ಉಭಯರಿಗೆ ಸಮಾನ. ಹಾಗೆಂದು ಎರಡೂ ಒಂದೇ ಎಂದುಬಿಡುವುದು ಅವಸರದ ಮಾತು. ನಾಗಾರ್ಜುನನ ಶೂನ್ಯ ವಸ್ತುಗಳಿಗೆ ಸ್ವಂತ ಸ್ವಭಾವವಿಲ್ಲವೆಂಬ ನಿರ್ಣಯ. ಶರಣರ ಬಯಲು ಲಿಂಗಾಂಗ ಸಾಮರಸ್ಯದ ನಿಲುವು. ಇಂಥ ಅಂತರವನ್ನು ಗುರುತಿಸದ ಗೌರವ ಬರಿಯ ಉಪಚಾರವಾಗುತ್ತದೆ.

ಪಾಶ್ಚಾತ್ಯ ಪಥಿಕನ ಕಷ್ಟವೂ ಇಲ್ಲಿಯೇ. ಶಾಂತಿಯನ್ನು ಪಡೆದೊಯ್ಯಲು ಬಂದವನ ಮುಂದೆ ಕಲಿಯುವ ಭಾರ ಬಂದು ನಿಲ್ಲುತ್ತದೆ. ಹಲವರು ಒಂದೆರಡು ಚಿತ್ರ ತೆಗೆದುಕೊಂಡು ಮರಳುತ್ತಾರೆ, ಅವರನ್ನು ದೂರುವಂತಿಲ್ಲ. ಆದರೆ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಜಾರ್ಜ್ ಡ್ರೇಫಸ್ ಎಂಬವರು ತಾರುಣ್ಯದಲ್ಲಿ ಭಾರತಕ್ಕೆ ಬಂದವರು ಮರಳುವ ಮಾತನ್ನು ಬದಿಗಿಟ್ಟರು. ಟಿಬೆಟನ್ ಭಾಷೆ ಕಲಿತು, ಭಿಕ್ಷುವಾಗಿ, ಧರ್ಮಶಾಲೆಯಲ್ಲಿಯೂ ದಕ್ಷಿಣದ ಈ ಮಠಗಳಲ್ಲಿಯೂ ಸುಮಾರು ಹದಿನೈದು ವರ್ಷ ವ್ಯಾಸಂಗ ಮಾಡಿದರು. 1985ರಲ್ಲಿ, ಮಠದ ಅತ್ಯುನ್ನತ ಪದವಿಯಾದ ಗೆಶೆ ಪದವಿಯನ್ನು ಪಡೆದ ಪ್ರಥಮ ಪಾಶ್ಚಾತ್ಯರೆನಿಸಿದರು. ಮುಂದೆ ಅಮೆರಿಕೆಯ ವಿಲಿಯಮ್ಸ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಒಂದೇ ಕೈಯ ಚಪ್ಪಾಳೆಯ ಸದ್ದು ಯಾವುದೆಂಬ ಜಪಾನಿನ ಜೆನ್ ಒಗಟು ಪಶ್ಚಿಮದಲ್ಲಿ ಮನೆಮಾತು. ಆದರೆ ತಮ್ಮ ವಿದ್ಯಾಭ್ಯಾಸದ ವರ್ಷಗಳನ್ನು ಆಧರಿಸಿ 2003ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ಅವರು ಇಟ್ಟ ಹೆಸರು ‘ಎರಡು ಕೈಗಳ ಚಪ್ಪಾಳೆಯ ಸದ್ದು’ ಎಂದು.